ಸೈಕಲ್ ಕೊಡುತ್ತಿದ್ದ ಕಾಲ

ಸೈಕಲ್ ಕೊಡುತ್ತಿದ್ದೆವು ಆಗ.
ನಗಬೇಡಿ. ಒಂದು ಸಹಿಗೆ ಒಂದು ಸೈಕಲ್,
ಮೂರು ಗೇರಿನದು, ಕೆಂಪು.
ಆ ಕಂಪನಿಯ ಪಿಂಚಣಿ ಖಾತೆ ಬಿಟ್ಟು ನಮ್ಮಲ್ಲಿಗೆ ಬಂದರೆ
ಒಂದು ಜೊತೆ ಬೂಟು, ಇಲ್ಲವೇ ಮಿಕ್ಸರು.
ತಿಂಗಳ ಕೊನೆಗೆ ಗುರಿ ಮುಟ್ಟದಿದ್ದರೆ
ನನ್ನ ಕಮಿಷನ್ನಿನಲ್ಲೇ ಅರ್ಧ ಅವರ ಜೇಬಿಗೆ.

ತಾಲ್ಕಾವಾನೋದ ಮೀನಿನ ಕಾರ್ಖಾನೆಯ ಗೇಟಿನಲ್ಲಿ
ಪಾಳಿ ಬಿಡುವ ಹೊತ್ತಿಗೆ ನಿಲ್ಲುತ್ತಿದ್ದೆ,
ಟೈ ಕಟ್ಟಿಕೊಂಡು, ಮೀನೆಣ್ಣೆಯ ನಾತದಲ್ಲಿ.
ಚಿಲಿ ಇನ್ನು ಲೋಕಕ್ಕೇ ಪಾಠ ಹೇಳುತ್ತದೆಂದು
ಪತ್ರಿಕೆಯಲ್ಲಿ ಬಂದಿತ್ತು, ಕತ್ತರಿಸಿ ಇಟ್ಟುಕೊಂಡಿದ್ದೆ.
"ನಿಮ್ಮ ದುಡ್ಡು, ನಿಮ್ಮ ಹೆಸರು.
ಸರಕಾರದ ಹುಂಡಿಯಲ್ಲಿ ಯಾರದೋ ದುಡಿಮೆ ಯಾರದೋ ಬಾಯಿಗೆ.
ಇಲ್ಲಿ ಬಿತ್ತಿದವರೇ ಕುಯ್ಯುವವರು."
ಸುಳ್ಳಲ್ಲ ಅದು. ಈಗಲೂ ಅನ್ನುತ್ತೇನೆ, ಸುಳ್ಳಲ್ಲ.
ನನ್ನಪ್ಪ ಹಳೆಯ ನಿಧಿಗೆ ಮೂವತ್ತು ವರುಷ ಕಟ್ಟಿ
ಬೆಲೆಯೇರಿಕೆ ತಿಂದು ಬಿಟ್ಟ ಎಲುಬನ್ನು ಪಡೆದವನು.
ಅವನ ಪಿಂಚಣಿಗೆ ಒಂದು ವಾರದ ರೊಟ್ಟಿ ಬರುತ್ತಿತ್ತು;
ಎರಡನೇ ವಾರ ಮಂತ್ರಿಗೆ ಕಾಗದ ಬರೆಯುತ್ತಿದ್ದ.

ಬೆಲಿಸಾರಿಯೊ ಸಾನ್ವೇಸಾ ನನ್ನ ಮಾತು ಕೇಳಿದವನು.
ಉಕ್ಕಿನ ಕಾರ್ಖಾನೆ, ಮೂವತ್ತೆಂಟು ವರುಷ, ಒಂದು ತಿಂಗಳೂ ತಪ್ಪಿಲ್ಲ.
ಈಗ ಮಗಳ ಅಂಗಳದಲ್ಲಿ ಟೊಮೆಟೊ ಬೆಳೆಯುತ್ತಾನೆ,
ನನ್ನ ಕಂಡರೆ ಟೋಪಿ ತೆಗೆಯುತ್ತಾನೆ.
ಅವನೊಬ್ಬನನ್ನೇ ನೆನೆದು ಮಲಗಿದ ರಾತ್ರಿ
ನನಗೆ ಒಳ್ಳೆಯ ನಿದ್ದೆ.

ನೆಲ್ದಾ ಇನೊಸ್ತ್ರೋಸಾಳೂ ಕೇಳಿದವಳೇ.
ಮೀನು ಸೀಳುವ ಮೇಜು, ಆರು ತಿಂಗಳ ಕರಾರು,
ಮೀನು ಬಾರದ ಆರು ತಿಂಗಳು ಬರಿಗೈ.
ಮೂರು ಬಸಿರು, ಹಾಸಿಗೆ ಹಿಡಿದ ಅತ್ತೆ.
ಅವಳ ಪಾಸ್‌ಬುಕ್ಕಿನಲ್ಲಿ ಹಾಳೆ ಹಾಳೆಯೇ ಬಿಳಿ.
ಹನಿಹನಿಗೂಡಿದರೆ ಹಳ್ಳ ಅಂದಿದ್ದೆ ಅವಳಿಗೆ;
ಹನಿ ಬೀಳದ ತಿಂಗಳ ಮಾತು
ನನ್ನ ಕರಪತ್ರದಲ್ಲಿ ಇರಲಿಲ್ಲ.

ಕಳೆದ ಮಾರ್ಚಿನಲ್ಲಿ ನನ್ನ ಸರದಿ.
ಕೌಂಟರಿನಾಚೆ ಒಬ್ಬ ಹುಡುಗ, ನನ್ನ ಹಳೆಯ ಟೈಯಂಥದೇ ಟೈ,
ಪರದೆಯನ್ನು ನನ್ನತ್ತ ತಿರುಗಿಸಿ ಕೋಷ್ಟಕ ತೋರಿಸಿದ:
"ನೂರಹತ್ತರ ತನಕ ಲೆಕ್ಕ ಹಿಡಿದಿದೆ, ಸೆನ್ಯೋರ್ ರೆಮಿಹಿಯೊ."
ನೂರಹತ್ತು!
ಅಪ್ಪ ಅರವತ್ತೆಂಟಕ್ಕೆ ಹೋದ, ಅಣ್ಣ ಐವತ್ತೊಂಬತ್ತಕ್ಕೆ,
ನನ್ನೆದೆಯಲ್ಲಿ ಎರಡು ಸ್ಪ್ರಿಂಗು.
ಇಷ್ಟು ಆಯುಷ್ಯ ಯಾವ ಪಾದ್ರಿಯೂ ಹರಸಿರಲಿಲ್ಲ ನನಗೆ.
ಇದ್ದ ರೊಟ್ಟಿಯನ್ನು ಅಷ್ಟೂ ವರುಷಕ್ಕೆ ಕುಯ್ದರೆ
ತಿಂಗಳಿಗೊಂದು ಚೂರು, ಬೆಳಕು ಹಾಯುವಷ್ಟು ತೆಳು.
ಹೆಂಗಸರು ಇನ್ನೂ ಹೆಚ್ಚು ಬದುಕುತ್ತಾರಂತೆ,
ಹಾಗಾಗಿ ಅವರ ಚೂರು ಇನ್ನೂ ಚಿಕ್ಕದು.
ಲೆಕ್ಕದಲ್ಲಿ ತಪ್ಪಿಲ್ಲ. ಹುಡುಕಿದೆ.

ಎದೆಯ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ.
ಖಾಸಗಿ ವಿಮೆಯಲ್ಲಿ ಇಪ್ಪತ್ತೇಳು ವರುಷ,
ಕೆಮ್ಮಿಗೂ ಹೋದವನಲ್ಲ.
ಅರವತ್ತಾಗುತ್ತಲೇ ಕಂತು ಏಣಿ ಹತ್ತಿತು; ನಾನು ಇಳಿದೆ.
ಸರಕಾರಿ ಆಸ್ಪತ್ರೆಯ ಪಟ್ಟಿಯಲ್ಲಿ ಹದಿನಾಲ್ಕು ತಿಂಗಳು:
ಬೆಲೆ ಇಲ್ಲ, ತಾರೀಖೂ ಇಲ್ಲ.
ಕೊನೆಗೆ ಕಾನ್ಸೆಪ್ಸಿಯೋನಿನ ಸಣ್ಣ ಕ್ಲಿನಿಕ್ಕೊಂದರ ಗೋಡೆಯಲ್ಲಿ
ಕಸಾಯಿ ಅಂಗಡಿಯ ಹಲಗೆಯಂತೆ ಬರೆದಿತ್ತು:
ಕಣ್ಣಿಗೆ ಇಷ್ಟು, ಮಂಡಿಗೆ ಇಷ್ಟು, ಹೃದಯದ ಕೊಳವೆಗೆ ಇಷ್ಟು.
ನಿಜ ಹೇಳುತ್ತೇನೆ, ಆ ಹಲಗೆಯ ಮುಂದೆ ಮೊದಲ ಸಲ
ಯಾರೋ ನನ್ನನ್ನು ಬುದ್ಧಿ ಬಂದವನೆಂದು ಮಾತಾಡಿಸಿದಂತಾಯಿತು.
ಕಾರು ಮಾರಿದೆ.
ಕಾರಿಲ್ಲದವರು ಏನು ಮಾಡಬೇಕು, ಹೆಂಡತಿ ಕೇಳಿದಳು.
ಬಸ್ಸಿನ ಕಿಟಕಿಯಾಚೆ ನೋಡಿದೆ.

ನಿನ್ನೆ ಬಂದರಿನ ಬದಿ ನೆಲ್ದಾ ಕಂಡಳು,
ಕುಂಬಳದ ರೊಟ್ಟಿ ಕರಿದು ಮಾರುತ್ತ.
ಗಾಡಿಯ ಎರಡು ಚಕ್ರ ಗುರುತು ಸಿಕ್ಕಿತು,
ಕಟ್ಟಿನ ಮೇಲೆ ಅಲ್ಲಲ್ಲಿ ಇನ್ನೂ ಕೆಂಪು.
ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.
ಎರಡರ ಬೆಲೆಗೆ ಮೂರು ಕೊಡು ಎಂದೆ, ಹಳೆಯ ಚಾಳಿ.
ಸೌಟೆತ್ತಿ ರಟ್ಟಿನ ಹಲಗೆ ತೋರಿಸಿದಳು:
"ಬರೆದಿದೆಯಲ್ಲ, ಓದಿಕೊಳ್ಳಿ."
ಓದಿದೆ. ಕೊಟ್ಟೆ.
ಚಿಲ್ಲರೆಯನ್ನು ಅವಳು
ಎರಡು ಸಲ ಎಣಿಸಿ ಕೊಟ್ಟಳು.